ಎಡಕುಮೇರಿ ಮಾದರಿ ರೈಲಿನ ಲೇಔಟ್ ಪ್ರದರ್ಶನಕ್ಕೆ ಹೊರಟಿದೆ, ಮೊದ್ಲು ಏನು ಮುಗಿಸೋದು?

ಘಾಟ್‌ಪ್ರೇಮಿ: ಎಲ್ರಿಗೂ ನಮಸ್ಕಾರ. ನಾವು ಗೆಳೆಯರು ಸೇರಿ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಎಡಕುಮೇರಿ ಸ್ಟೇಷನ್ನನ್ನ ಎಚ್‌ಓ ಸ್ಕೇಲಲ್ಲಿ (1:87) ಮಾಡ್ತಿದೀವಿ. ನಾಲ್ಕಡಿ ಉದ್ದ ಎರಡಡಿ ಅಗಲದ ಪ್ಲೈವುಡ್ ಬೋರ್ಡು ಐದು. ಮುಂದಿನ ತಿಂಗಳು ಒಂದು ಕಾಲೇಜಿನ ಪ್ರದರ್ಶನಕ್ಕೆ ಟಾಟಾ ಏಸಲ್ಲಿ ಸಾಗಿಸ್ಬೇಕು. ಸುರಂಗದ ಬಾಯಿ, ಸೇತುವೆ, ಕಾಡು ಎಲ್ಲ ಬಾಕಿ ಇದೆ, ಬೋರ್ಡ್ ಜಾಯಿಂಟಲ್ಲಿ ಈಗ ಬರೀ ಹಳಿ ತುದಿ ಕೂಡಿಸೋ ಫಿಶ್‌ಪ್ಲೇಟ್ ಇದೆ. ಮೊದ್ಲು ಯಾವುದಕ್ಕೆ ಕೈ ಹಾಕೋದು?

ಹುಬ್ಬಳ್ಳಿ_ಲೋಕೋ: ಕಾಡು ಆಮ್ಯಾಲೆ ನೋಡ್ರಿ, ಮೊದಲ ಜಾಯಿಂಟ್ ಸರಿ ಮಾಡ್ರಿ. ಎರಡೂ ಬೋರ್ಡ್ ಬೋಲ್ಟ್ ಹಾಕಿ ಬಿಗದು, ಎರಡೂ ಅಂಚಿಗೆ ತಾಮ್ರದ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ತುಂಡು ಅಂಟಿಸಿ ಸ್ಕ್ರೂ ಹೊಡೀರಿ, ಅದರ ಮ್ಯಾಲೆ ಜಾಯಿಂಟ್ ದಾಟಿ ಹೋಗೂವಂಗ ಹಳಿ ಅಖಂಡ ಇಟ್ಟು ಬೆಸಿಗಿ ಹಾಕ್ರಿ, ಆಮ್ಯಾಲೆ ಸಣ್ಣ ಕಟಿಂಗ್ ಡಿಸ್ಕ್ ತಗೊಂಡು ಬರೋಬ್ಬರಿ ನಡುವ ಕೊಯ್ರಿ. ಎರಡು ಹಳಿ ನಡುವಿನ ತಾಮ್ರಾನೂ ಕೆರದು ಬಿಡ್ರಿ, ಇಲ್ಲಾಂದ್ರ ಶಾರ್ಟ್ ಆಗತೈತಿ. ಫಿಶ್‌ಪ್ಲೇಟ್ ದಿನಾ ಜಾರಿಸಿ ತಗದು ಮಾಡಿದ್ರ ಸಡ್ಲ ಆಗಿ ಕರೆಂಟ್ ಕೈ ಕೊಡತೈತಿ.

ಕುಡ್ಲದ_ಕಾರ್ಟೂನು: ಬೋಲ್ಟ್ ಒಂದನ್ನೇ ನಂಬ್ಬೇಡಿ ಮಾರಾಯ್ರೆ. ಬೋಲ್ಟಿನ ತೂತಲ್ಲಿ ಸ್ವಲ್ಪ ಆಟ ಇದ್ದೇ ಇರ್ತದೆ, ಪ್ರತೀ ಸಲ ಜೋಡಿಸುವಾಗ ಹಳಿ ಕೂದಲೆಳೆಯಷ್ಟು ಆಚೀಚೆ ಆಗ್ತದೆ. ಪಿನ್ ತೆಗೀಲಿಕ್ಕೆ ಆಗುವ ಬಾಗಿಲ ಹಿಂಜ್ ಹಾರ್ಡ್‌ವೇರ್ ಅಂಗಡಿಯಲ್ಲೇ ಉಂಟಲ್ವಾ, ಅದನ್ನ ಎರಡು ಬೋರ್ಡಿಗೂ ಹಾಕಿ, ಜೋಡಿಸುವಾಗ ಪಿನ್ ತೂರಿಸಿದ್ರೆ ಆಯ್ತು. ನಮ್ಮಲ್ಲಿ ಮಳೆಗಾಲಕ್ಕೆ ಪ್ಲೈ ಉಬ್ಬುದು ಬೇರೆ, ಅಂಚಿಗೆ ಅಡಿಗೆ ಎಲ್ಲ ಕಡೆ ವಾರ್ನಿಶ್ ಕುಡಿಸಿ.

ಟ್ರ್ಯಾಕ್_ಮಲ್ಲೇಶ್ವರ: ಜಾಯಿಂಟ್ ಸರಿ, ಒಪ್ಕೊಂಡೆ. ಆದ್ರೆ ಪ್ರದರ್ಶನ ಅಂದ್ಮೇಲೆ ಜನರ ಮುಂದೆ ಯಾವಾಗ್ಲೂ ಒಂದು ರೈಲು ಓಡ್ತಿರ್ಲೇಬೇಕು. ಎರಡಡಿ ಅಗಲದಲ್ಲಿ ಎಚ್‌ಓ ರೈಲು ರೌಂಡ್ ಹೊಡೆಯಲ್ಲ, 18 ಇಂಚು ರೇಡಿಯಸ್ ಅಂದ್ರೂ ಮೂರಡಿ ಮೇಲೆ ಜಾಗ ಬೇಕು. ಎರಡು ತುದಿಗೂ ಅಗಲದ ಬೋರ್ಡ್ ಮಾಡಿ ರೌಂಡ್ ಕೊಡಿ, ಸುಮ್ನೆ ಸುತ್ತಲಿ. ಮಕ್ಕಳಿಗೆ ಅಷ್ಟು ಸಾಕು.

ಹುಬ್ಬಳ್ಳಿ_ಲೋಕೋ: ಸುತ್ತಾಕ ಎಡಕುಮೇರಿ ಯಾಕ್ ಬೇಕ್ರಿ? ಅದು ಸಿಂಗಲ್ ಲೈನ್, 1:50 ಏರು, ಗೂಡ್ಸ್ ಹಿಂದ ಬ್ಯಾಂಕರ್ ಇಂಜಿನ್ ಹಚ್ಚಿ ದೂಡ್ತಾರ. ಒಂದು ಗಾಡಿ ಸೈಡ್ ಲೈನಿನಾಗ ನಿಂತಿರತೈತಿ, ಎದುರಿನ ಗಾಡಿ ಬಂದ ಮ್ಯಾಲೇ ಸಿಗ್ನಲ್ ಬೀಳೋದು. ಅದನ್ನ ತೋರಿಸ್ರಿ. ಎರಡೂ ತುದಿಗೆ ಮರೆಯೊಳಗ ಫಿಡಲ್ ಯಾರ್ಡ್ (ಗಾಡಿ ನಿಲ್ಲಸಿ ಬದಲಸೋ ಹಳಿ ಸಾಲು) ಇಡ್ರಿ, ಅಲ್ಲೊಬ್ಬ ಇಲ್ಲೊಬ್ಬ ಕೂತು ಗಾಡಿ ಕಳಸೋದು. ಹುಡುಗ್ರು ಕಣ್ಣು ಮಿಟುಕಿಸದ ನೋಡ್ತಾರ.

ಟ್ರ್ಯಾಕ್_ಮಲ್ಲೇಶ್ವರ: ಬ್ಯಾಂಕರ್ ತೋರಿಸೋಕೆ ಡಿಸಿಸಿ (ಒಂದೊಂದು ಇಂಜಿನ್ನಿಗೂ ಬೇರೆ ಆದೇಶ ಕಳಿಸೋ ಡಿಜಿಟಲ್ ಕಂಟ್ರೋಲ್) ಬೇಕೇ ಬೇಕು, ಸಾಮಾನ್ಯ ಡಿಸಿನಲ್ಲಿ ಎರಡು ಇಂಜಿನ್ನನ್ನ ಬೇರೆ ಬೇರೆ ಕಂಟ್ರೋಲ್ ಮಾಡಕ್ಕಾಗಲ್ಲ. ಸ್ಪೀಡ್ ಮ್ಯಾಚ್ ಮಾಡದೆ ಹಿಂದಿಂದ ತಳ್ಳಿದ್ರೆ ತಿರುವಲ್ಲಿ ವ್ಯಾಗನ್ ಹಳಿ ಬಿಟ್ಟು ಏಳುತ್ತೆ, ಇಡೀ ದಿನ ಅದನ್ನ ಎತ್ತಿಡೋದೇ ಕೆಲಸ ಆಗತ್ತೆ. ನೋಡೋರು ಕೆಟ್ಟು ನಿಂತಿದ್ದನ್ನ ಮಾತ್ರ ನೆನಪಿಟ್ಕೋತಾರೆ.

ಘಾಟ್‌ಪ್ರೇಮಿ: ಡಿಸಿಸಿ ಇದೆ ಸಾರ್. ಲೆಕ್ಕ ಹಾಕಿ ನೋಡಿದೆ, ಐಸಿಎಫ್ (ಚೆನ್ನೈ ಕಾರ್ಖಾನೆಯ ಹಳೇ ಮಾದರಿ) ಬೋಗಿ ಒಂದು ಸುಮಾರು 245 ಮಿಮೀ ಬರತ್ತೆ, ಆರು ಬೋಗಿ ಇಂಜಿನ್ ಸೇರಿದ್ರೆ 1.7 ಮೀಟರ್, ಅಂದ್ರೆ ಸ್ಟೇಷನ್ನಿನ ಸೈಡ್ ಲೈನ್ ಒಂದು ಬೋರ್ಡಲ್ಲಿ ನಿಲ್ಲಲ್ಲ, ಎರಡು ಬೇಕು, ಪಾಯಿಂಟ್ (ಗಾಡಿ ಹಳಿ ಬದಲಿಸೋ ಜಾಗ) ಸೇರಿಸಿದ್ರೆ ಮೂರನೇದಕ್ಕೂ ಕಾಲು ಚಾಚಬಹುದು.

ಹುಬ್ಬಳ್ಳಿ_ಲೋಕೋ: ಹಂಗಂದ್ರ ಪಾಯಿಂಟ್ ಜಾಯಿಂಟಿಂದ ದೂರ ಇಡ್ರಿ. ಏರು ಒಂದು ಬೋರ್ಡಿಗೆ 24 ಮಿಮೀ ಅಷ್ಟ, ಆದ್ರ ಎರಡು ಬೋರ್ಡ್ ಕೂಡುವಲ್ಲಿ ಮೆಟ್ಟಲಾದ್ರ ಕಪ್ಲಿಂಗ್ ಬಿಚ್ಚಿ ಹಿಂದಿನ ಡಬ್ಬಿ ಕೆಳಗ ಓಡ್ತಾವ.

ಮೇಷ್ಟ್ರು_ಹಾಸನ: ಒಂದು ಮಾತು. ಹಳಿಗೆ ಮರಳು ಕಾಗದ ಉಜ್ಬೇಡಿ, ಗೀರು ಬಿದ್ದಲ್ಲೇ ಕೊಳೆ ಕೂರುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆ ಸಾಕು, ಚಕ್ರಾನೂ ಒರೆಸಿ. ಇನ್ನು ಎತ್ತರ, ಯುರೋಪಿನ ಫ್ರೆಮೋ ಅನ್ನೋ ಮಾದರಿ ರೈಲು ಗುಂಪಿನೋರು ಹಳಿಯನ್ನ ನೆಲದಿಂದ 1300 ಮಿಮೀ ಎತ್ತರದಲ್ಲಿ ಇಡ್ತಾರೆ, ಅದು ದೊಡ್ಡವರಿಗೆ. ಶಾಲೆ ಮಕ್ಕಳು ಬರೋ ಕಡೆ ಮೂರಡಿ ಇಡಿ, ಮುಂದೆ ಅಕ್ರಿಲಿಕ್ ಹಾಳೆ ನಿಲ್ಲಿಸಿ.

ಕುಡ್ಲದ_ಕಾರ್ಟೂನು: ಅಕ್ರಿಲಿಕ್ ಬೇಡ ಸರ್, ಟ್ಯೂಬ್‌ಲೈಟ್ ಬೆಳಕು ಹೊಡೆದು ಫೋಟೋ ಒಂದೂ ಬರುದಿಲ್ಲ. ಎರಡಡಿ ದೂರಕ್ಕೆ ಹಗ್ಗ ಕಟ್ಟಿದ್ರೆ ಆಗುದಿಲ್ವಾ?

ಮೇಷ್ಟ್ರು_ಹಾಸನ: ಹಗ್ಗದ ಅಡಿಗೆ ನುಗ್ಗೋ ವಯಸ್ಸಿನ ಮಕ್ಕಳೇ ಜಾಸ್ತಿ ಬರೋದು. ಹಗ್ಗ ಸಾಕಾಗಲ್ಲ.

ಘಾಟ್‌ಪ್ರೇಮಿ: ಸರಿ, ಎರಡು ಬೋರ್ಡನ್ನ ಎದುರುಬದುರು ಮಾಡಿ, ತುದಿಗೆ ಪ್ಲೈ ತಟ್ಟೆ ಬಡಿದು ಪೆಟ್ಟಿಗೆ ಥರ ಸಾಗಿಸೋಣ ಅಂತ ಇದೀವಿ, ಹಳಿ ತುದಿಗೂ ರಕ್ಷಣೆ ಆಗತ್ತೆ. ಈ ವಾರ ಜಾಯಿಂಟ್. ಭಾನುವಾರ ಏಸಿಗೆ ಹೇರಿ ಊರು ಒಂದು ಸುತ್ತು ಹೊಡೆದು ಬಂದು, ಬಿಚ್ಚಿ ಜೋಡಿಸಿ, ಸಂಜೆವರೆಗೂ ಬ್ಯಾಂಕರ್ ಹಾಕಿ ಓಡಿಸ್ತೀವಿ. ಅಕ್ರಿಲಿಕ್ ಸ್ಟೇಷನ್ ಮುಂದೆ ಮಾತ್ರ.

ಟ್ರ್ಯಾಕ್_ಮಲ್ಲೇಶ್ವರ: ಬ್ಯಾಂಕರ್ ಸಂಜೆವರೆಗೂ ಕೆಡದೆ ಓಡಿದ್ರೆ ನಾನೂ ಒಪ್ತೀನಿ. ವಿಡಿಯೋ ಹಾಕಿ, ಜಾಯಿಂಟ್ ಹತ್ರದಿಂದ.