ಡೆನಾನ್ ಡಿಎಲ್-103ಗೆ ಯಾವ ಫೋನೋ ಪ್ರೀಆಂಪ್? ವಾಲ್ಯೂಮ್ ಎಷ್ಟ್ ತಿರುಗಿಸಿದ್ರೂ ಸೌಂಡೇ ಇಲ್ಲ

ಕುವೆಂಪುನಗರ_ಎಲ್ಪಿ:

ಎಲ್ರಿಗೂ ನಮಸ್ಕಾರ, ಮೈಸೂರಿಂದ ಬರೀತಿದೀನಿ. ನನ್ ಹತ್ರ ಇರೋದು ಟೆಕ್ನಿಕ್ಸ್ ಎಸ್ಎಲ್-1200 ಎಂಕೆ2 ಟರ್ನ್‌ಟೇಬಲ್, ಎಂಬತ್ತರ ದಶಕದ್ದು ಒಂದು ಜಪಾನಿ ಇಂಟಿಗ್ರೇಟೆಡ್ ಆಂಪ್, ಒಂದ್ ಜೊತೆ ದೊಡ್ಡ ಸ್ಪೀಕರ್. ಇಷ್ಟ್ ದಿನ ಮಾಮೂಲಿ ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಡ್ಜ್, ಅಂದ್ರೆ ಮೊಳೆ ಇರೋ ಆ ಸಣ್ಣ ಡಬ್ಬಿ, ಹಾಕ್ಕೊಂಡು ಆರಾಮಾಗಿದ್ದೆ. ಈಗ ನಮ್ ಭಾವ ಜಪಾನಿಂದ ಬರೋವಾಗ ಡೆನಾನ್ ಡಿಎಲ್-103 ಅನ್ನೋ ಎಂಸಿ (ಮೂವಿಂಗ್ ಕಾಯಿಲ್) ಕಾರ್ಟ್ರಿಡ್ಜ್ ತಂದುಕೊಟ್ಟಿದಾರೆ, ನಾನೇ ಕೇಳಿದ್ದು, ಎಲ್ಲರೂ ಹೊಗಳ್ತಾರಲ್ಲ ಅಂತ. ಹೆಡ್‌ಶೆಲ್‌ಗೆ ಕೂರಿಸಿ, ತೂಕ 2.5 ಗ್ರಾಂ ಇಟ್ಟು, ಪ್ರೊಟ್ರಾಕ್ಟರ್ ಮೇಲೆ ಅಲೈನ್‌ಮೆಂಟ್ ಎಲ್ಲಾ ನೋಡಿ ಹಾಕಿದ್ರೆ ಸೌಂಡು ಪಕ್ಕದ ರೂಮಲ್ಲಿ ಯಾರೋ ಹಾಡ್ತಿರೋ ಹಾಗೆ ಬರ್ತಿದೆ. ಮುಂಚೆ ವಾಲ್ಯೂಮ್ ಒಂಬತ್ತು ಗಂಟೆ ಹತ್ರ ಇದ್ರೆ ಸಾಕಾಗ್ತಿತ್ತು, ಈಗ ಮೂರು ಗಂಟೆಗೆ ತಿರುಗಿಸಿದ್ರೂ ಸಾಲಲ್ಲ, ಜೊತೆಗೆ ಗುಂಯ್ ಅಂತ ಒಂದು, ಸ್ಸ್ ಅಂತ ಇನ್ನೊಂದು.

ಆಂಪ್‌ನಲ್ಲಿ ಎಂಎಂ ಫೋನೋ (ಟರ್ನ್‌ಟೇಬಲ್ ಹಾಕೋ ಇನ್‌ಪುಟ್) ಮಾತ್ರ ಇದೆ, ಎಂಸಿ ಸ್ವಿಚ್ ಇಲ್ಲ. ಮ್ಯಾನ್ಯುಯಲ್‌ನಲ್ಲಿ ಫೋನೋ 2.5 ಮಿಲಿವೋಲ್ಟ್, 47 ಕಿಲೋಓಮ್ ಅಂತ ಬರೆದಿದಾರೆ, ಆಕ್ಸ್ (ಮಾಮೂಲಿ ಲೈನ್ ಇನ್‌ಪುಟ್) 150 ಮಿಲಿವೋಲ್ಟ್. ಈಗ ಹೊಸದಾಗಿ ಎಂಸಿ ಪ್ರೀಆಂಪ್ (ಕಾರ್ಟ್ರಿಡ್ಜ್‌ನ ಸಣ್ಣ ಸಿಗ್ನಲ್ ಎತ್ತಿ ಆಂಪ್‌ಗೆ ಕೊಡೋ ಡಬ್ಬಿ) ತಗೊಳ್ಳೋದಾ, ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ (ಕರೆಂಟ್ ಇಲ್ಲದೆ ವೋಲ್ಟೇಜ್ ಎತ್ತೋದು) ತಗೊಳ್ಳೋದಾ, ಇಲ್ಲಾ ಇದನ್ನ ಮಾರಿ ಹೈ ಔಟ್‌ಪುಟ್‌ದು ತಗೊಳ್ಳೋದಾ? ಬಜೆಟ್ ಇಪ್ಪತ್ತೈದು ಸಾವಿರ, ಅದಕ್ಕಿಂತ ಮೇಲೆ ಹೋದ್ರೆ ಮನೇಲಿ ಉತ್ತರ ಹೇಳೋಕಾಗಲ್ಲ. ಕೇಳೋದು ಜಾಸ್ತಿ ಹಿಂದೂಸ್ತಾನಿ, ಮನ್ಸೂರರದ್ದು ಭೀಮಸೇನ ಜೋಶಿಯವರದ್ದು ಹಳೇ ಎಲ್‌ಪಿಗಳು, ಆಮೇಲೆ ಒಂದಷ್ಟು ಕನ್ನಡ ಸಿನಿಮಾ ಹಾಡಿನ 45 ಆರ್‌ಪಿಎಂ ತಟ್ಟೆಗಳು. ಅಂಗಡಿಯವ್ರು ಒಬ್ರು "ಯಾವ್ದಾದ್ರೂ ದುಬಾರಿದು ತಗೊಳ್ಳಿ ಸರ್ ಸರಿಹೋಗತ್ತೆ" ಅಂದ್ರು, ಅದು ನಂಗೆ ಉತ್ತರ ಅನ್ನಿಸಲಿಲ್ಲ.

ಮೈಕ್ರೋಲೈನ್:

ಮಾರಿಬಿಡಿ ಸರ್. 103 ಅರವತ್ತರ ದಶಕದಲ್ಲಿ ಜಪಾನಿನ ಎನ್‌ಎಚ್‌ಕೆ ರೇಡಿಯೋ ಪ್ರಸಾರಕ್ಕೆ ಅಂತ ಮಾಡಿದ್ದು, ಮೊಳೆ ಇನ್ನೂ ಅದೇ ಗುಂಡು ತುದಿದು, ತಟ್ಟೆ ಒಳಗಡೆ ಲೇಬಲ್ ಹತ್ರ ಬಂದಾಗ ಹೈ ಫ್ರೀಕ್ವೆನ್ಸಿ ಒಡೆಯತ್ತೆ. ಆ ದುಡ್ಡಿಗೆ ಚೂಪಾದ ಫೈನ್ ಲೈನ್ ಮೊಳೆ ಇರೋ ಒಳ್ಳೇ ಎಂಎಂ ಬರತ್ತೆ, ಪ್ರೀಆಂಪ್ ತಲೆನೋವೂ ಇರಲ್ಲ.

ಸೋಲ್ಡರ್ ಸ್ವಾಮಿ:

ಮೇಲಿನವ್ರು ಹೇಳಿದ್ದು ಸುಳ್ಳಲ್ಲ, ಆದ್ರೆ ಅವ್ರು ಕೇಳಿದ್ದು ಅದಲ್ವಲ್ಲ ಗುರು. ಭಾವ ಅಷ್ಟ್ ದೂರದಿಂದ ತಂದಿದ್ದನ್ನ ಬಂದ್ ತಿಂಗಳಿಗೇ ಓಎಲ್‌ಎಕ್ಸ್‌ಗೆ ಹಾಕಿದ್ರೆ ಮುಂದಿನ ಸಲ ಏನೂ ತರಲ್ಲ.

ಲೆಕ್ಕ ನೋಡೋಣ, ಬ್ರ್ಯಾಂಡ್ ಆಮೇಲೆ. 103 ಕೊಡೋದು 0.3 ಮಿಲಿವೋಲ್ಟ್. ನಿಮ್ ಆಂಪ್ 2.5 ಮಿಲಿವೋಲ್ಟ್ ಫೋನೋನ 150ರ ಆಕ್ಸ್ ಮಟ್ಟಕ್ಕೆ ತರತ್ತೆ ಅಂದ್ರೆ ಅರವತ್ತು ಪಟ್ಟು, ಹತ್ತಿರ ಹತ್ತಿರ 36 ಡಿಬಿ ಗೇನ್ (ಸಿಗ್ನಲ್ ಎಷ್ಟು ಎತ್ತತ್ತೆ ಅನ್ನೋ ಅಳತೆ). 0.3ನ ಅರವತ್ತು ಪಟ್ಟು ಮಾಡಿದ್ರೆ 18 ಮಿಲಿವೋಲ್ಟ್, ಬೇಕಿರೋದು 150, ಅಲ್ಲಿಗೆ 18 ಡಿಬಿ ಖೋತಾ. ಇದರಲ್ಲಿ ಕಾರ್ಟ್ರಿಡ್ಜ್‌ದು ತಪ್ಪಿಲ್ಲ ಆಂಪ್‌ದೂ ತಪ್ಪಿಲ್ಲ, ಒಂದಕ್ಕೊಂದು ಜೋಡಿ ಅಲ್ಲ ಅಷ್ಟೇ.

ಎಂಸಿ ಪ್ರೀಆಂಪ್ 60 ಡಿಬಿದು ಅಂದ್ರೆ ಸಾವಿರ ಪಟ್ಟು, 0.3 ಮಿಲಿ ಹೋಗಿ 300 ಮಿಲಿ ಆಗತ್ತೆ. ಅದರಲ್ಲಿ ಲೋಡ್ (ಕಾರ್ಟ್ರಿಡ್ಜ್‌ಗೆ ಎದುರಾಗೋ ರೆಸಿಸ್ಟೆನ್ಸ್) 100 ಓಮ್ ಇಟ್ರೆ ಕಾರ್ಟ್ರಿಡ್ಜ್ ಒಳಗಿನ ಸುರುಳಿ 40 ಓಮ್ ಇರೋದ್ರಿಂದ ಸುಮಾರು 3 ಡಿಬಿ ಅಲ್ಲೇ ಸೋರಿಹೋಗತ್ತೆ (100ನ 140ರಿಂದ ಭಾಗಿಸಿ ನೋಡಿ), ಉಳಿಯೋದು 214 ಮಿಲಿವೋಲ್ಟ್. ನಿಮ್ ಆಕ್ಸ್‌ಗೆ 150 ಸಾಕು. ಹಾಗಾಗಿ 60 ಇದ್ರೆ ನಡಿಯತ್ತೆ, 62ರಿಂದ 66 ಇದ್ರೆ ಇನ್ನೂ ಆರಾಮ. 72 ಡಿಬಿ ಬೇಡ, ಅದು ನಾಲ್ಕು ಸಾವಿರ ಪಟ್ಟು, ಮಾಮೂಲಿ ಮಟ್ಟದಲ್ಲೇ 1.2 ವೋಲ್ಟ್ ಬರತ್ತೆ, ತಬಲಾ ಹೊಡೆತಕ್ಕೆ ಅದರ ನಾಲ್ಕೈದು ಪಟ್ಟು ಜಿಗಿದ್ರೆ ಪ್ರೀಆಂಪ್ ಒಳಗೇ ಕ್ಲಿಪ್ ಆಗಬಹುದು. ಗೇನ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ತುಂಬಾ ಜನ ಅಂದ್ಕೊಂಡಿದಾರೆ, ಅದು ಸರಿಯಲ್ಲ.

ಟೋನ್‌ಆರ್ಮ್ ಬಗ್ಗೆ ಯಾರೂ ಕೇಳಿಲ್ಲ ಆದ್ರೂ ಹೇಳ್ಬಿಡ್ತೀನಿ. 103 ಗಟ್ಟಿ ಸಸ್ಪೆನ್ಷನ್ನಿಂದು, ತೀರಾ ಹಗುರ ಆರ್ಮ್‌ಗೆ ಆಗಲ್ಲ. 1200ರ ಆರ್ಮ್ 12 ಗ್ರಾಂ, ಕಾರ್ಟ್ರಿಡ್ಜ್ 8.5 ಗ್ರಾಂ, ಎರಡೂ ಸೇರಿ ತಾವಾಗೇ ಅದುರೋ ರೆಸೊನೆನ್ಸ್ 11 ಹರ್ಟ್ಸ್ ಆಸುಪಾಸು ಬೀಳತ್ತೆ. ಅದು ಓಕೆ, ಅದಕ್ಕೆ ಕೈ ಹಾಕಬೇಡಿ.

ಧಾರವಾಡ_ಪೇಡಾ:

ಸ್ವಾಮಿಯವ್ರು ಲೆಕ್ಕಾ ಛಲೋ ಹಾಕ್ಯಾರ ನೋಡ್ರಿ, ಆದ್ರ ಟ್ರಾನ್ಸ್‌ಫಾರ್ಮರ್ ಬಗ್ಗೆ ಒಂದ್ ಮಾತೂ ಆಡಲಿಲ್ಲ. ನಾ ಹೇಳ್ತೀನಿ. 1:10 ಸ್ಟೆಪ್-ಅಪ್ ಹಾಕಿದ್ರ 0.3 ಹೋಗಿ 3 ಮಿಲಿವೋಲ್ಟ್ ಆಗ್ತದ, ಅದರ ಹಿಂದ ನಿಮ್ಮ ಆಂಪಿನ 47 ಕಿಲೋಓಮ್ ಐತೆಲ್ಲ, ಅದು ಕಾರ್ಟ್ರಿಡ್ಜಿಗೆ ನೂರನೇ ಒಂದು ಪಾಲು, ಅಂದ್ರ 470 ಓಮ್ ಆಗಿ ಕಾಣಸ್ತದ. 40 ಓಮ್ ಸುರುಳಿಗೆ 470 ಭಾಳ ಚಂದ ಕೂಡ್ತದರಿ. ಎಲ್ಲಾ ಕಳದು 2.76 ಮಿಲಿವೋಲ್ಟ್ ಉಳೀತದ, ನಿಮ್ಮ ಆಂಪ್ ಕೇಳೂದು 2.5. ಕರೆಂಟ್ ಬೇಡ, ಅಡಾಪ್ಟರ್ ಬೇಡ, ಸ್ಸ್ ಅನ್ನೂದೂ ಇಲ್ಲ. ಹಳೇ ಜಪಾನಿ ಆಂಪಿನ ಫೋನೋ ಅಂದ್ರ ಸುಮ್ನ ಅಲ್ಲ, ಅದನ್ನ ಬಿಟ್ಟು ಹೊಸಾ ಡಬ್ಬಿ ಯಾಕ್ ತಗೋಬೇಕು?

ಒಂದ ಒಂದು ಎಚ್ಚರಿಕಿ. 1:30 ಯಾರರ ಕಮ್ಮಿ ರೊಕ್ಕಕ್ಕ ಕೊಡ್ತೀನಿ ಅಂದ್ರ ತಗೋಬ್ಯಾಡ್ರಿ. ಅದು 3 ಓಮ್, 5 ಓಮ್ ಸುರುಳಿ ಇದ್ದ ಕಾರ್ಟ್ರಿಡ್ಜಿಗೆ. 103ಕ್ಕ ಹಾಕಿದ್ರ 52 ಓಮ್ ಲೋಡ್ ಬಿದ್ದು ಸೌಂಡ್ ಕುಂಟ್ತದ.

ನಾ ನಮ್ಮ ಮನಿಯಾಗ ಹಿಂಗ ಕೇಳಾಕತ್ತೀನಿ. ಮನ್ಸೂರರ ದನಿ ಮ್ಯಾಲಿನ ಷಡ್ಜಕ್ಕ ಹೋದಾಗ ಆ ಅಂಚು ಹೆಂಗ್ ಬರ್ತದಂದ್ರ, ಬಾಯಿಲೆ ಹೇಳಾಕ ಬರಂಗಿಲ್ರಿ.

ಸೋಲ್ಡರ್ ಸ್ವಾಮಿ:

ಪೇಡಾ ಸರ್, ನಿಮ್ ಲೆಕ್ಕ ಕರೆಕ್ಟು, ತಕರಾರಿಲ್ಲ. ನನ್ ಪ್ರಶ್ನೆ ಬಜೆಟ್‌ದು. ಇಪ್ಪತ್ತೈದು ಸಾವಿರದೊಳಗೆ ಹೊಸದಾಗಿ ಸಿಗೋ ಟ್ರಾನ್ಸ್‌ಫಾರ್ಮರ್‌ನಲ್ಲಿ ಒಳಗೆ ಏನ್ ಸುತ್ತಿದಾರೋ, ಗುಂಯ್ ತಡೆಯೋ ಮ್ಯೂ-ಮೆಟಲ್ ಕ್ಯಾನ್ ಹಾಕಿದಾರೋ ಇಲ್ವೋ ಅಂತ ನೋಡ್ಕೊಂಡೇ ತಗೋಬೇಕು. ಶೀಲ್ಡಿಂಗ್ ಸರಿ ಇಲ್ಲದ್ದನ್ನ ಟರ್ನ್‌ಟೇಬಲ್ ಪಕ್ಕ ಇಟ್ರೆ 1200ರ ಒಳಗಡೆನೇ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇದೆ, ಆಂಪ್‌ದು ಇನ್ನೊಂದು, ಎರಡರ ಮಧ್ಯೆ ಗುಂಯ್ ಅನ್ನೋದನ್ನ ಹೀರ್ಕೊಂಡು ಹತ್ತು ಪಟ್ಟು ಮಾಡಿ ಕೊಡತ್ತೆ. ಧಾರವಾಡದಿಂದ ನಿಮ್ದೇ ಸ್ಪೇರ್ ಇದ್ರೆ ಕಳ್ಸಿಕೊಡಿ ಅವರಿಗೆ 🙂

ನೀವೇ ಕಟ್ಕೋತೀನಿ ಅಂತ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಪಾರ್ಟ್ಸ್ ತರೋಕೆ ಹೋಗೋರಿಗೆ ಒಂದ್ ಮಾತು. ಆ 40 ಓಮ್ ಸುರುಳಿಯ ಸ್ವಂತ ನಾಯ್ಸ್ ಪ್ರತಿ ರೂಟ್ ಹರ್ಟ್ಸ್‌ಗೆ 0.8 ನ್ಯಾನೋವೋಲ್ಟ್. ಎನ್‌ಇ5534 ಆಪ್-ಆಂಪ್ ಹಾಕಿದ್ರೆ ಅದರದ್ದೇ 3.5. ಎಂಎಂಗೆ ಅದು ಚಿನ್ನದಂಥ ಚಿಪ್, ಇಲ್ಲಿ ಮೊದಲನೇ ಸ್ಟೇಜ್‌ಗೆ ಹಾಕಿದ್ರೆ ಸ್ಸ್ ಅನ್ನೋದು ಗ್ಯಾರಂಟಿ. ಇನ್ನು ನಾಯ್ಸ್ ಕಮ್ಮಿ ಇರೋ 2ಎಸ್‌ಕೆ170 ಫೆಟ್ ಟ್ರಾನ್ಸಿಸ್ಟರ್‌ಗಳನ್ನ ತೋಶಿಬಾ ನಿಲ್ಸಿ ಕಾಲ ಆಯ್ತು, "ಒರಿಜಿನಲ್ ಸ್ಟಾಕ್" ಅಂತ ಕೊಡೋದರಲ್ಲಿ ಬೇರೆ ಯಾವ್ದೋ ಪಾರ್ಟ್ ಮೇಲೆ ನಂಬರ್ ಅಚ್ಚು ಹಾಕಿದ್ದೇ ಜಾಸ್ತಿ.

ಹಳೇರೇಡಿಯೋ:

ನೀವಿಬ್ಬರೂ ಜಗಳ ಆಡೋ ಮೊದಲು ಅವರ ಮನೆ ಗುಂಯ್ ಎಲ್ಲಿಂದ ಬರ್ತಿದೆ ಅಂತ ಯಾರಾದ್ರೂ ಕೇಳಿದ್ರಾ? ಅವರು ಎರಡು ಶಬ್ದ ಹೇಳಿದಾರೆ. ಸ್ಸ್ ಅನ್ನೋದು ಆಂಪಿನ ಮೊದಲ ಸ್ಟೇಜ್‌ದು, ಗೇನ್ ಸರಿಹೋದ್ರೆ ಅದು ಇಳಿಯತ್ತೆ. ಗುಂಯ್ ಅನ್ನೋದು ಬೇರೆ ಕಾಯಿಲೆ, ಪ್ರೀಆಂಪ್ ಬದಲಾಯಿಸಿದ್ರೂ ಹೋಗದೇ ಇರಬಹುದು, ಹೊಸದು ತಂದ್ಮೇಲೆ ಇನ್ನೂ ಜೋರಾಗಿ ಕೇಳಿಸಿದ್ರೂ ಆಶ್ಚರ್ಯ ಇಲ್ಲ. ಯಾಕಂದ್ರೆ ಎಲ್‌ಪಿ ಕೊರೆಯೋವಾಗ ಬೇಸ್ ಕಮ್ಮಿ ಮಾಡಿ ಕೊರೀತಾರೆ, ಫೋನೋ ಸ್ಟೇಜ್ ಅದನ್ನ ವಾಪಸ್ ಎತ್ತತ್ತೆ, ಅದೇ ಆರ್‌ಐಎಎ. 1 ಕಿಲೋಹರ್ಟ್ಸ್‌ಗೆ ಹೋಲಿಸಿದ್ರೆ 50 ಹರ್ಟ್ಸ್‌ನಲ್ಲಿ ಅದು ಸುಮಾರು 17 ಡಿಬಿ ಎತ್ತತ್ತೆ. ನಮ್ಮ ಕರೆಂಟೂ 50 ಹರ್ಟ್ಸೇ ಅಲ್ವಾ, ಹಾಡಿನ ಜೊತೆ ಅದಕ್ಕೂ ಅದೇ ಮರ್ಯಾದೆ ಸಿಗತ್ತೆ.

ಹೀಗೆ ಮಾಡಿ. ಮೊಳೆ ಎತ್ತಿಟ್ಟು, ತಟ್ಟೆ ನಿಲ್ಸಿ, ವಾಲ್ಯೂಮ್ ಈಗ ಎಲ್ಲಿ ಕೇಳ್ತೀರೋ ಅಲ್ಲೇ ಇಟ್ಟು ಟೋನ್‌ಆರ್ಮ್‌ನ ಬೆರಳಲ್ಲಿ ಮುಟ್ಟಿ. ಶಬ್ದ ಬದಲಾದ್ರೆ ಅರ್ಥ್ ವೈರ್ ಕಡೆ ನೋಡಿ, 1200ರಿಂದ ಆರ್‌ಸಿಎ ಜೊತೆ ಬರೋ ಆ ಸಣ್ಣ ತಂತಿ ಆಂಪಿನ ಹಿಂದೆ ಜಿಎನ್‌ಡಿ ಅಂತಿರೋ ಸ್ಕ್ರೂಗೆ ಬಿಗಿಯಾಗಿದ್ಯಾ? ಹಳೇ ಡೆಕ್‌ನಲ್ಲಿ ಆ ತಂತಿ ತುದಿ ಕಪ್ಪಾಗಿರತ್ತೆ, ಬ್ಲೇಡಲ್ಲಿ ಕೆರೆದು ಹೊಳಪು ಬರಿಸಿ ಮತ್ತೆ ಬಿಗಿ ಮಾಡಿ. ಆಮೇಲೆ ಮನೇಲಿ ಇನ್ವರ್ಟರ್ ಇದ್ರೆ ಅದನ್ನ ಬೈಪಾಸ್ ಮಾಡಿ ನೋಡಿ. ಗುಂಯ್ ಅನ್ನದೆ ಜಿರ್ರ್ ಅಂತಿದ್ರೆ ಅದು ಇನ್ವರ್ಟರೋ, ಡಿಮ್ಮರೋ, ಪಕ್ಕದಲ್ಲಿಟ್ಟಿರೋ ಮೊಬೈಲ್ ಚಾರ್ಜರೋ ಇರತ್ತೆ.

ಎರಡು ಕೆಲಸ ಯಾವತ್ತೂ ಮಾಡಬೇಡಿ. ಗುಂಯ್ ಹೋಗತ್ತೆ ಅಂತ ಮೂರು ಪಿನ್ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕೋದು ಒಂದು, ಕಾರ್ಟ್ರಿಡ್ಜ್ ಸರಿ ಇದ್ಯಾ ಅಂತ ಮಲ್ಟಿಮೀಟರ್ ಓಮ್‌ನಲ್ಲಿಟ್ಟು ಅದರ ಪಿನ್‌ಗೆ ಹಿಡಿಯೋದು ಇನ್ನೊಂದು. ಮೀಟರ್ ಕಳ್ಸೋ ಕರೆಂಟ್ ಆ ಕೂದಲೆಳೆ ಸುರುಳಿಗೆ ಒಳ್ಳೇದಲ್ಲ, ಎಂಸಿಯಲ್ಲಿ ಮೊಳೆ ಮಾತ್ರ ನಾವೇ ಬದಲಾಯಿಸೋಕೂ ಆಗಲ್ಲ, ಕೆಟ್ರೆ ಇಡೀ ಕಾರ್ಟ್ರಿಡ್ಜೇ ಹೋಯ್ತು.

ಕುವೆಂಪುನಗರ_ಎಲ್ಪಿ:

ಸರ್ ಅರ್ಥ್ ವೈರ್ ನೀವು ಹೇಳಿದ ಹಾಗೇ ಕಪ್ಪಾಗಿತ್ತು! ಕೆರೆದು ಹಾಕಿದ್ಮೇಲೆ ಗುಂಯ್ ಮುಕ್ಕಾಲು ಪಾಲು ಹೋಯ್ತು. ಉಳಿದಿದ್ದು ಹಾಡು ಶುರುವಾದ್ರೆ ಕೇಳಲ್ಲ. ಸ್ಸ್ ಮಾತ್ರ ಹಾಗೇ ಇದೆ.

ಟ್ರಾನ್ಸ್‌ಫಾರ್ಮರ್ ಆಸೆ ಆಗ್ತಿದೆ ಆದ್ರೆ ಒಳ್ಳೇದು ನನ್ ಕೈಗೆ ಎಟುಕಲ್ಲ ಅನ್ಸತ್ತೆ. ಆಕ್ಟಿವ್ (ಕರೆಂಟ್‌ನಲ್ಲಿ ಓಡೋ) ಪ್ರೀಆಂಪ್‌ಗೇ ಹೋಗೋದಾದ್ರೆ ಸ್ಪೆಕ್‌ನಲ್ಲಿ ಏನ್ ನೋಡ್ಬೇಕು? ಐಫೈ ಝೆನ್ ಫೋನೋದಲ್ಲಿ 36, 48, 60, 72 ಅಂತ ನಾಲ್ಕು ಗೇನ್ ಇದೆ, ಅದು ಸಾಕಾ? ಲೋಡ್ 100 ಇಡೋದಾ 400 ಇಡೋದಾ, ಒಬ್ಬೊಬ್ರು ಒಂದೊಂದು ಹೇಳ್ತಾರೆ. ಕೆಪಾಸಿಟೆನ್ಸ್ ಕೂಡ ಹೊಂದಿಸ್ಬೇಕಾ?

ಸೋಲ್ಡರ್ ಸ್ವಾಮಿ:

ಕೆಪಾಸಿಟೆನ್ಸ್ ಮರೆತುಬಿಡಿ, ಅದು ಎಂಎಂನವರ ತಲೆನೋವು. ಎಂಎಂ ಸುರುಳಿಯಲ್ಲಿ ಸುತ್ತು ಜಾಸ್ತಿ, ಇಂಡಕ್ಟೆನ್ಸ್ ಜಾಸ್ತಿ, ಕೇಬಲ್ ಉದ್ದ ಆದ್ರೂ ಟ್ರೆಬಲ್ ಬದಲಾಗತ್ತೆ. ಎಂಸಿಯಲ್ಲಿ ಸುತ್ತುಗಳೇ ಕಮ್ಮಿ, ಕಿವಿಗೆ ಕೇಳೋ ರೇಂಜ್‌ನಲ್ಲಿ ಏನೂ ಆಗಲ್ಲ.

ಲೋಡ್ ವಿಷ್ಯ: ಡೆನಾನ್‌ನವರೇ ಹೇಳೋದು 100 ಓಮ್ ಅಥವಾ ಅದಕ್ಕಿಂತ ಜಾಸ್ತಿ ಅಂತ. ಸುರುಳಿಯ ಓಮ್‌ನ ಹತ್ತು ಪಟ್ಟು ಅನ್ನೋ ರೂಢಿ ಲೆಕ್ಕ ಹಿಡಿದ್ರೆ 400. ನೂರರಲ್ಲಿ 3 ಡಿಬಿ ಹೋಗತ್ತೆ ಅಂದ್ನಲ್ಲ, ನಾನೂರರಲ್ಲಿ ಒಂದು ಡಿಬಿನೂ ಹೋಗಲ್ಲ, ಹಾಗಾಗಿ ಗೇನ್ ಬಿಗಿಯಾಗಿದ್ರೆ ಲೋಡ್ ಮೇಲಕ್ಕೆ ತಗೊಂಡ್ ಹೋಗಿ. ಎರಡೂ ಹಾಕಿ ಕೇಳಿ, ತಂಬೂರಿ ಮಂಕಾಗಿ ಕೇಳಿದ್ರೆ ಮೇಲಕ್ಕೆ, ಚುಚ್ಚಿದ ಹಾಗಿದ್ರೆ ಕೆಳಕ್ಕೆ. ಅದಕ್ಕಿಂತ ದೊಡ್ಡ ಶಾಸ್ತ್ರ ಏನಿಲ್ಲ ಅದರಲ್ಲಿ.

ಝೆನ್‌ನಲ್ಲಿ 60ರಲ್ಲಿಟ್ರೆ ನಿಮ್ ಆಂಪ್‌ಗೆ ಆಗತ್ತೆ, ಮೇಲೆ ಹಾಕಿದ ಲೆಕ್ಕವೇ. 60ರಿಂದ ನೇರ 72ಕ್ಕೆ ಹಾರತ್ತೆ, ಮಧ್ಯದ್ದು ಇಲ್ಲ, ಅದೊಂದೇ ನಂಗೆ ಇಷ್ಟ ಆಗದೇ ಇರೋದು. ನಿಮ್ ಬಜೆಟ್‌ನಲ್ಲಿ 60ರ ಮೇಲೆ ಒಂದೆರಡು ಹೆಜ್ಜೆ ಇರೋದು, ಲೋಡ್‌ಗೆ ಹಿಂದೆ ಸಣ್ಣ ಡಿಪ್ ಸ್ವಿಚ್ ಇರೋದು ಸಿಕ್ರೆ ಅದನ್ನ ತಗೊಳ್ಳಿ. ಸ್ಪೆಕ್ ಶೀಟ್‌ನಲ್ಲಿ ನಾಯ್ಸ್ ನಂಬರ್ ಎಂಎಂಗೆ ಬೇರೆ ಎಂಸಿಗೆ ಬೇರೆ ಕೊಟ್ಟಿದಾರಾ ನೋಡಿ, ಎಂಎಂದು ಮಾತ್ರ ದೊಡ್ಡದಾಗಿ ಬರೆದು ಎಂಸಿದು ಬರೀದೇ ಇದ್ರೆ ಯಾಕೆ ಅಂತ ನೀವೇ ಯೋಚ್ನೆ ಮಾಡಿ. ವಾಪಸ್ ತಗೋತಾರಾ ಕೇಳ್ಕೊಂಡು ತಗೊಳ್ಳಿ.

ಹಳೇರೇಡಿಯೋ:

ನಾಯ್ಸ್ ಬಗ್ಗೆ ತೀರಾ ತಲೆ ಕೆಡಿಸ್ಕೊಂಡು ಬಜೆಟ್ ಏರಿಸಬೇಡಿ ಅಂತ ನಾನು ಹೇಳೋದು. ಕಲ್ಕತ್ತಾದ ಡಂಡಂ ಫ್ಯಾಕ್ಟರಿಯ ಹಳೇ ಎಚ್‌ಎಂವಿ ತಟ್ಟೆ ಕೇಳ್ತೀರ, ಅದರ ಗ್ರೂವ್‌ನ ಸರಸರ ಶಬ್ದವೇ ಒಂದು ಒಳ್ಳೇ ಎಂಸಿ ಪ್ರೀಆಂಪಿನ ಹಿಸ್ಸಿಗಿಂತ ಎಷ್ಟೋ ಜೋರು. ಮೊಳೆ ಎತ್ತಿದಾಗ ಕೂತಲ್ಲಿಗೆ ಹಿಸ್ ಕೇಳದಿದ್ರೆ ಅಲ್ಲಿಗೆ ಮುಗೀತು, ಸ್ಪೀಕರ್‌ಗೆ ಕಿವಿ ಇಟ್ಟು ಕೇಳೋ ಅಭ್ಯಾಸ ಬೇಡ. ಮಿಕ್ಕಿದ ದುಡ್ಡಲ್ಲಿ ತಟ್ಟೆ ತೊಳೆಯೋಕೆ ಏನಾದ್ರೂ ತಗೊಳ್ಳಿ, ನಿಮಗೆ ಅದರ ವ್ಯತ್ಯಾಸ ಜಾಸ್ತಿ ಗೊತ್ತಾಗತ್ತೆ.

ಮೈಕ್ರೋಲೈನ್:

ಇದಕ್ಕೆ ನನ್ ಸಹಮತ ಇದೆ. ಆದ್ರೂ ಗುಂಡು ಮೊಳೆ ಗುಂಡು ಮೊಳೆಯೇ 🙂 ಮಾರೋದಾದ್ರೆ ನಂಗೊಂದ್ ಮೆಸೇಜ್ ಹಾಕಿ.

ಧಾರವಾಡ_ಪೇಡಾ:

ನೋಡ್ರಿ, ಗುಂಡು ಮೊಳಿ ಅಂತ ಬೈದು ಈಗ ತಾವ ತಗೋತಾರಂತ!

ಎಲ್ಪಿಯವ್ರ, ನಂದು ಸ್ಪೇರ್ ಇಲ್ರಿ, ಇದ್ದಿದ್ರ ಖರೇನ ಕಳಸ್ತಿದ್ದೆ. ಸದ್ಯಕ್ಕ ಪ್ರೀಆಂಪ್ ತಗೋರಿ, ಎಂಎಂ ಸ್ವಿಚ್ಚೂ ಇದ್ದದ್ದ ತಗೋರಿ, ಮುಂದ ಎಂದರ ಒಳ್ಳೇ 1:10 ಸಿಕ್ಕರ ಅದರ ಎಂಎಂಗೇ ಹಚ್ಚಬಹುದು.

ಕುವೆಂಪುನಗರ_ಎಲ್ಪಿ:

ಎಲ್ರಿಗೂ ಥ್ಯಾಂಕ್ಸ್. 60, 65 ಎರಡೂ ಗೇನ್ ಇರೋದು, ಲೋಡ್ ಸ್ವಿಚ್ ಇರೋದು, ಎಂಎಂ ಕೂಡ ಇರೋದು ಹುಡುಕ್ತೀನಿ, ಸಿಗದಿದ್ರೆ ಝೆನ್. ಕೊನೇದಾಗಿ ಒಂದ್ ಪೆದ್ದು ಪ್ರಶ್ನೆ, ಪ್ರೀಆಂಪಿಂದ ಬರೋ ಕೇಬಲ್ ಆಂಪಿನ ಫೋನೋಗೇ ಹಾಕೋದು ಅಲ್ವಾ?

ಸೋಲ್ಡರ್ ಸ್ವಾಮಿ:

ಅಯ್ಯೋ ಬೇಡ! ಆಕ್ಸ್‌ಗೆ. ಫೋನೋಗೆ ಹಾಕಿದ್ರೆ ಆರ್‌ಐಎಎ ಎರಡೆರಡು ಸಲ ಆಗಿ ಬೇಸ್ ಗುಡುಗತ್ತೆ, ಗೇನ್ ಮೇಲೆ ಗೇನ್ ಬಿದ್ದು ಎಲ್ಲಾ ಕ್ಲಿಪ್ ಆಗತ್ತೆ, ವಾಲ್ಯೂಮ್ ಅದೇ ಮೂರು ಗಂಟೆಯಲ್ಲಿ ಇದ್ರಂತೂ ಸ್ಪೀಕರ್ ಕಥೆ ಅಷ್ಟೇ. ಟ್ರಾನ್ಸ್‌ಫಾರ್ಮರ್ ಆಗಿದ್ರೆ ಮಾತ್ರ ಫೋನೋಗೆ. 1200ರ ಅರ್ಥ್ ತಂತಿ ಇನ್ಮೇಲೆ ಪ್ರೀಆಂಪಿನ ಸ್ಕ್ರೂಗೆ ಬರತ್ತೆ, ಆಂಪಿಗೆ ಅಲ್ಲ. ಪ್ರೀಆಂಪನ್ನ ಆಂಪಿನ ತಲೆ ಮೇಲೆ ಇಡಬೇಡಿ, ಕೇಬಲ್ ತಲುಪುವಷ್ಟು ದೂರ ಪಕ್ಕಕ್ಕಿಡಿ, ಅದರ ಅಡಾಪ್ಟರ್ ಇನ್ನೊಂದ್ ಕಡೆ. ಮೊದಲ ಸಲ ಆನ್ ಮಾಡೋವಾಗ ವಾಲ್ಯೂಮ್ ಸೊನ್ನೆಗೆ ಇಳಿಸಿರಿ.