ಪದಚರ್ಚೆ: ಟಿ.ವಿ.ಯಿಂದ ವಾಪಸು ಬರುವ ಸದ್ದು ‘ಮರುದನಿ’ಯೇ?

ಆತ್ಮೀಯರೇ,

ಬಸವನಗುಡಿಯ ಅಮ್ಮನ ಮನೆಯಲ್ಲಿ ಹೋದ ವಾರ ಹೋಂ ಥಿಯೇಟರ್ ಜೋಡಿಸಿದೆ. ಯಾವ ವೈರು ಯಾವ ತೂತಿಗೆ ಎಂದು ಕನ್ನಡದಲ್ಲಿ ಒಂದು ಚೀಟಿ ಬರೆದು ಟಿ.ವಿ. ಬೆನ್ನಿಗೆ ಅಂಟಿಸಿ ಬರೋಣವೆಂದು ಕುಳಿತವನು ನಾಲ್ಕನೇ ಸಾಲಿನಲ್ಲಿ ಸಿಕ್ಕಿಹಾಕಿಕೊಂಡೆ.

ತೊಡಕು ಚಿತ್ರ, ಸದ್ದು ಎರಡನ್ನೂ ಒಯ್ಯುವ ಎಚ್‌ಡಿಎಂಐ ಕೇಬಲ್ಲಿನ ಎಆರ್‌ಸಿಯದು (ಆಡಿಯೊ ರಿಟರ್ನ್ ಚಾನೆಲ್, ಅಂದರೆ ಸದ್ದು ವಾಪಸು ಬರುವ ದಾರಿ). 2009ರಲ್ಲಿ ಎಚ್‌ಡಿಎಂಐ 1.4ರ ಜೊತೆ ಬಂದ ಏರ್ಪಾಡು ಇದು. ಸೆಟ್‌ಟಾಪ್ ಬಾಕ್ಸಿನ ಚಿತ್ರ ಆಂಪ್ಲಿಫೈಯರ್ ಹಾದು ಟಿ.ವಿ.ಗೆ ಹೋಗುತ್ತದೆ. ಟಿ.ವಿ.ಯಲ್ಲೇ ಯೂಟ್ಯೂಬ್ ಹಾಕಿದರೆ ಅದರ ಸದ್ದು ಅದೇ ಕೇಬಲ್ಲಿನಲ್ಲಿ ಎದುರು ದಿಕ್ಕಿಗೆ, ಆಂಪ್ಲಿಫೈಯರ್‌ಗೆ ಬರುತ್ತದೆ. ಮೊದಲಾದರೆ ಇದಕ್ಕೆಂದು ತುದಿಯಲ್ಲಿ ಕೆಂಪು ಬೆಳಕು ಮಿನುಗುವ ಆಪ್ಟಿಕಲ್ ಕೇಬಲ್ಲನ್ನು ಬೇರೆಯಾಗಿ ಎಳೆಯಬೇಕಿತ್ತು.

ನಾನು ‘ಮರುದನಿ ಬರುವ ಕಿಂಡಿ’ ಎಂದು ಬರೆದೆ. ಅಮ್ಮ ಕನ್ನಡಕ ಏರಿಸಿ ಓದಿ, “ಎಲ್ಲವೂ ಎರಡೆರಡು ಸಲ ಕೇಳಿಸುತ್ತದೆಯೇನು? ಹಾಗಾದರೆ ಬೇಡಪ್ಪ” ಎಂದರು. ತಪ್ಪು ನನ್ನದೇ. ಮಾರ್ದನಿ, ಮರುದನಿ ಎಂದರೆ ಪ್ರತಿಧ್ವನಿ ಎಂದು ಎಂದೋ ನಿಂತುಹೋಗಿದೆ. ಕೇಬಲ್ ಕೊಟ್ಟ ಎಸ್.ಪಿ. ರಸ್ತೆಯ ಹುಡುಗ ‘ರಿಟರ್ನ್’ ಎಂದಷ್ಟೇ ಹೇಳಿ ಕೈತೊಳೆದುಕೊಂಡಿದ್ದ. ಅಮ್ಮನಿಗೆ ರಿಟರ್ನ್ ಎಂದರೆ ಅಳತೆಗೆ ಕೂಡದ ರವಿಕೆಯನ್ನು ಅಂಗಡಿಗೆ ಹಿಂದಿರುಗಿಸುವುದು.

ಆಮೇಲೆ ನೀರಿನ ಮಾತುಗಳತ್ತ ಹೊರಳಿದೆ. ಮಳೆಗಾಲದಲ್ಲಿ ಕೆಆರ್‌ಎಸ್ ಸುದ್ದಿಯಲ್ಲಿ ದಿನವೂ ಓದುವ ‘ಒಳಹರಿವು’, ‘ಹೊರಹರಿವು’ ಇನ್ ಮತ್ತು ಔಟ್‌ಗೆ ಅಚ್ಚುಕಟ್ಟಾಗಿ ಹೊಂದುತ್ತವೆ, ಅಮ್ಮನಿಗೂ ಅವು ಹೊಸವಲ್ಲ. ಆದರೆ ಮೊಬೈಲ್ ಟಾರ್ಚ್ ಬಿಟ್ಟು ಆಂಪ್ಲಿಫೈಯರ್ ಹಿಂಬದಿ ನೋಡಿದರೆ ಎಆರ್‌ಸಿ ತೂತಿನ ಮೇಲೆ ‘ಔಟ್’ ಎಂದು ಅಚ್ಚಾಗಿದೆ. ಚಿತ್ರಕ್ಕೆ ಅದು ಔಟ್ ಹೌದು, ಸದ್ದಿಗೆ ಇನ್. ಟಿ.ವಿ. ಕಡೆಯ ‘ಇನ್’ನಲ್ಲಿ ಇದು ತಿರುಗುಮುರುಗು. ಯಾವ ಅಣೆಕಟ್ಟೆಯ ತೂಬಿನಲ್ಲೂ ಹೀಗೆ ಆಗುವುದಿಲ್ಲ. (ತೂಬು, ಹಳೆಯ ರೂಪ ತೂಂಬು, ಸಾಕೆಟ್ಟಿಗೆ ಒಪ್ಪುವ ಮಾತೆಂದು ನನಗೆ ತೋರುತ್ತದೆ. ತಮಿಳಿನ ತೂಂಬಿಗೆ ಕೊಳವೆ ಎಂಬ ಅರ್ಥವೂ ಇದೆ.) ನಮ್ಮ ಊರಿನ ಕೆರೆಗಳ ಸಾಲನ್ನೇ ನೋಡಿ: ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಇಳಿಯುತ್ತದೆ, ಮತ್ತೆ ಹತ್ತಿ ಬರುವುದಿಲ್ಲ. ‘ಹಿನ್ನೀರು’ ಇದೆಯಲ್ಲ ಎಂದು ‘ಹಿಂದನಿ’ ಕಟ್ಟಿ ನೋಡಿದೆ. ಅದು ಸೋಫಾದ ಹಿಂದೆ ಇಟ್ಟ ಸ್ಪೀಕರುಗಳ ಸದ್ದು ಎಂದಾಗಿಬಿಡುತ್ತದೆ.

ಉಳಿದವನ್ನು ಹೇಗೋ ದಾಟಿದೆ. ಸರೌಂಡ್ ಅನ್ನು ಸರೌಂಡ್ ಎಂದೇ ಬಿಟ್ಟೆ, ‘ಸುತ್ತುದನಿ’ ಎಂದರೆ ನನಗೇಕೋ ತಲೆ ಸುತ್ತುತ್ತದೆ. ತೀರ ಕೆಳಗಿನ ದನಿಗಳನ್ನಷ್ಟೇ ನುಡಿಸುವ ಸ್ಪೀಕರಾದ ಸಬ್‌ವೂಫರಿಗೆ ‘ಮಂದ್ರದ ಪೆಟ್ಟಿಗೆ’ ಎಂದು ಬರೆದದ್ದಕ್ಕೆ ಸಂಗೀತ ಕಲಿತ ಅಮ್ಮ ತಕರಾರು ತೆಗೆದರು. ಮಂದ್ರ ಹಾಡುವವರ ಶ್ರುತಿಗೆ ತಕ್ಕಂತೆ ಏರಿಳಿಯುತ್ತದೆ. ನಮ್ಮ ಪೆಟ್ಟಿಗೆಗೆ ನಾನು ಕಟ್ಟಿಕೊಟ್ಟ ಗಡಿ 80 ಹರ್ಟ್ಸ್, ಅದರ ಕೆಳಗಿನದಷ್ಟೇ ಅದರ ಪಾಲು. ಐದರ ಶ್ರುತಿಯಲ್ಲಿ ಹಾಡುವ ಅಮ್ಮನ ಮಂದ್ರ ಷಡ್ಜವೇ (ಕೆಳಸ್ಥಾಯಿಯ ‘ಸ’) ಸುಮಾರು 98 ಹರ್ಟ್ಸ್. “ನನ್ನ ಮಂದ್ರ ಆ ಪೆಟ್ಟಿಗೆಗೆ ಇಳಿಯುವುದೇ ಇಲ್ಲವಲ್ಲ” ಎಂದರು. ಆದರೂ ಅದನ್ನು ಹಾಗೆಯೇ ಉಳಿಸಿದ್ದೇನೆ.

ನಾಲ್ಕನೇ ಸಾಲಿನಲ್ಲಿ ಈಗ ಪೆನ್ಸಿಲ್ಲಿನಲ್ಲಿ ‘ಮರುಹರಿವು’ ಎಂದಿದೆ. ಒಳಹರಿವು, ಹೊರಹರಿವುಗಳ ಪಕ್ಕದಲ್ಲಿ ಚೆನ್ನಾಗಿಯೇ ಕೂರುತ್ತದೆ. ಅನುಮಾನ ‘ಮರು’ವಿನ ಮೇಲೆ. ಮರುಪಾವತಿಯಲ್ಲಿ ಅದಕ್ಕೆ ‘ಹಿಂದಕ್ಕೆ’ ಎಂಬ ಅರ್ಥ, ಮರುಮುದ್ರಣದಲ್ಲಿ ‘ಮತ್ತೊಮ್ಮೆ’. ಟಿ.ವಿ.ಯ ಬೆನ್ನಿನ ಮೇಲೇ ಅಂಟಿಸಿದರೆ ‘ಮರುಪ್ರಸಾರ’ದ ನೆನಪಾಗಿ ಹಳೆಯ ಕಂತು ಮತ್ತೆ ಬರುತ್ತದೆ ಎಂದುಕೊಳ್ಳುವವರು ಇದ್ದಾರೆಯೇ? ನಿಮ್ಮ ಕಿವಿಗೆ ‘ಮರುಹರಿವು’ ಯಾವ ಅರ್ಥ ಕೊಡುತ್ತದೆ? ಹುಬ್ಬಳ್ಳಿ, ಮಂಗಳೂರು ಕಡೆಯ ರಿಪೇರಿಯವರು ಈ ತೂತಿಗೆ ಬೇರೇನಾದರೂ ಹೆಸರಿಟ್ಟಿದ್ದರೆ ಅದನ್ನೂ ತಿಳಿಸಿ.