ಬೈಕ್ ಅಪ್ಪನ ಹೆಸರಲ್ಲಿ, ಓಡಿಸುವುದು ನಾನು: ವಿಮೆ ಯಾರಿಗೆ ಸಿಗುತ್ತದೆ?

ಶಿರಾದಿಂದ ಕೇಳುತ್ತಿದ್ದೇನೆ:

ಎಲ್ಲರಿಗೂ ನಮಸ್ಕಾರ. 125 ಸಿಸಿ ಬೈಕ್ ತಗೊಳ್ಳಬೇಕು ಎಂದಿದ್ದೇನೆ. ವಸಂತನರಸಾಪುರದ ಫ್ಯಾಕ್ಟರಿಗೆ ದಿನಾ ಹೈವೇಯಲ್ಲೇ ಓಡಾಟ. ಹೆಂಡತಿಗೂ ಅಲ್ಲೇ ಕೆಲಸ, ಹಿಂದೆ ಕೂರುತ್ತಾಳೆ. ಶೋರೂಮ್ ಬೆಲೆ 95 ಸಾವಿರ, ಆನ್‌ರೋಡ್ ಎಂದರೆ 1 ಲಕ್ಷದ 20 ಸಾವಿರ ಹೇಳುತ್ತಾರೆ. ಇನ್ಶೂರೆನ್ಸ್‌ನಲ್ಲಿ ಏನಾದರೂ ಕಡಿಮೆ ಮಾಡಿಸಬಹುದಾ? ಗಾಡಿ ಅಪ್ಪನ ಹೆಸರಲ್ಲಿ ಮಾಡಿಸುವ ಯೋಚನೆ. ಅವರಿಗೆ ಲೈಸೆನ್ಸ್ ಇಲ್ಲ, ದುಡ್ಡು ಮಾತ್ರ ಅವರದು. ಇನ್ನೊಂದು, ನಾವೇ ಬಿದ್ದರೆ ಆಸ್ಪತ್ರೆ ಬಿಲ್ ಯಾರು ಕೊಡುತ್ತಾರೆ?

ಕೋಲಾರದಿಂದ:

ರಿಜಿಸ್ಟ್ರೇಷನ್ ಫೀ ಎಂದರೆ ಬರೀ 300 ರೂಪಾಯಿ. ಸ್ಮಾರ್ಟ್ ಕಾರ್ಡಿಗೆ 200. ಸಾಲದ ಗಾಡಿಯಾದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಸೇರಿಸಲು 500. ಜೇಬು ಖಾಲಿ ಮಾಡುವುದು ಲೈಫ್ ಟ್ಯಾಕ್ಸ್. ನಮ್ಮ ರಾಜ್ಯದಲ್ಲಿ ಗಾಡಿ ಬೆಲೆ 50 ಸಾವಿರದಿಂದ 1 ಲಕ್ಷದೊಳಗೆ ಇದ್ದರೆ ಶೇ 12, ಲಕ್ಷ ದಾಟಿದರೆ ಶೇ 18, ಮೇಲೆ ಸೆಸ್ ಬೇರೆ. ನಿಮ್ಮ 95 ಸಾವಿರಕ್ಕೆ 11,400 ತೆರಿಗೆಗೇ ಹೋಯಿತು. ಬಣ್ಣ, ಡಿಸ್ಕ್ ಬ್ರೇಕ್ ಅಂತ ಆಸೆಪಟ್ಟು ಲಕ್ಷ ದಾಟಿಸಿದರೆ ತೆರಿಗೆಯೇ 18 ಸಾವಿರದ ಮೇಲೆ ಹೋಗುತ್ತದೆ, ನೋಡಿಕೊಳ್ಳಿ.

125 ಸಿಸಿಗೆ 5 ವರ್ಷದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟದ್ದು) ಇನ್ಶೂರೆನ್ಸ್ 3,851 ರೂಪಾಯಿ, ಅದಕ್ಕೆ ಜಿಎಸ್‌ಟಿ ಶೇ 18. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ 5 ವರ್ಷದ್ದು ಕಡ್ಡಾಯ. ಅದರಲ್ಲಿ ಚೌಕಾಸಿ ಇಲ್ಲ. ನಿಮ್ಮ ಗಾಡಿಯ ಡ್ಯಾಮೇಜಿನ ಭಾಗದಲ್ಲಿ ಮಾತ್ರ ಕಂಪನಿಯಿಂದ ಕಂಪನಿಗೆ ರೇಟು ಬೇರೆ. ಶೋರೂಮಿನವರ ಹತ್ತಿರವೇ ಮಾಡಿಸಬೇಕು ಎಂದೇನೂ ಇಲ್ಲ, ಹೊರಗೆ ವಿಚಾರಿಸಿ. 'ಹ್ಯಾಂಡ್ಲಿಂಗ್ ಚಾರ್ಜ್' ಅಂತ ಹಾಕಿದ್ದರೆ ರಸೀದಿ ಕೇಳಿ, ತಾನಾಗಿ ಕಡಿಮೆಯಾಗುತ್ತದೆ. ನನಗೆ ಸಾವಿರದಿನ್ನೂರು ಕಡಿಮೆಯಾಗಿತ್ತು. ಹೊಸದರಲ್ಲಿ ಫುಲ್, ಅಂದರೆ ಎರಡೂ ಸೇರಿದ್ದು, ಮಾಡಿಸಿ, ಗಾಡಿ ಹಳೆಯದಾದ ಮೇಲೆ ಬರೀ ಥರ್ಡ್ ಪಾರ್ಟಿ ಸಾಕು ಎನ್ನುವುದು ನನ್ನ ಲೆಕ್ಕ.

ತುಮಕೂರು, ಕ್ಯಾತ್ಸಂದ್ರದಿಂದ:

ಕೋಲಾರದ ಅಣ್ಣನ ಕೊನೆ ಮಾತು ನಾನು ಒಪ್ಪುವುದಿಲ್ಲ. ಅದೇ ಲೆಕ್ಕದಲ್ಲಿ ನಾವು ಕೆಟ್ಟೆವು.

2021ರಲ್ಲಿ ನಮ್ಮ ಮನೆಯವರು ಓಡಿಸುತ್ತಿದ್ದರು, ನಾನು ಹಿಂದೆ ಕೂತಿದ್ದೆ. ಹಂಪ್ ಕಾಣಲಿಲ್ಲ, ಸ್ಪೀಡ್ ಇತ್ತು, ಬಿದ್ದೆವು. ಅವರಿಗೆ ತರಚು ಗಾಯ. ನನ್ನ ಮೊಣಕಾಲಿನ ಕೆಳಗೆ ಮೂಳೆ ಮುರಿದು ರಾಡ್ ಹಾಕಿದರು. ಬಿಲ್ 1 ಲಕ್ಷದ 80 ಸಾವಿರ. ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತು, ಅಂದರೆ ಬರೀ ಥರ್ಡ್ ಪಾರ್ಟಿ. ಗಾಡಿಗೆ ಐದು ವರ್ಷ ಆಯ್ತಲ್ಲ, ಸುಮ್ನೆ ಯಾಕೆ ದುಡ್ಡು ಅಂತ ಫುಲ್ ಬಿಟ್ಟಿದ್ದೆವು.

ಥರ್ಡ್ ಪಾರ್ಟಿ ಎಂದರೆ ನಮ್ಮ ಗಾಡಿಯಿಂದ ಪೆಟ್ಟು ತಿಂದ ಬೇರೆಯವರಿಗೆ. ಹಿಂದೆ ಕೂತ ನಾನೂ 'ಬೇರೆಯವಳು' ಅಲ್ವಾ ಎಂದು ಕೇಳಿದೆ. ಅಲ್ಲವಂತೆ! ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಹಿಂಬದಿ ಸವಾರರು ಬರುವುದಿಲ್ಲ ಎಂದು 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಎಂದು ವಕೀಲರು ಹೇಳಿದರು. ಫುಲ್ ಪಾಲಿಸಿ ಇದ್ದಿದ್ದರೆ ನಾನು ಅದರ ಮೇಲೆ ಕ್ಲೇಮ್ ಹಾಕಬಹುದಿತ್ತು. ಅದಕ್ಕೂ ತಪ್ಪು ಮನೆಯವರದು ಎಂದು ತೋರಿಸಬೇಕು, ಅವರ ಮೇಲೆ ಕೇಸ್ ಆಗಬೇಕು. ಗಂಡನ ಮೇಲೆ ಕೇಸ್ ಹಾಕಿ ದುಡ್ಡು ತರುವುದಾ ಎಂದು ನಮ್ಮತ್ತೆ ಆಗಲೇ ಮುಖ ಊದಿಸಿಕೊಂಡಿದ್ದರು. ಕೊನೆಗೆ ಅವರದೇ ಸರ ಅಡವಿಟ್ಟು ಬಿಲ್ ಕಟ್ಟಿದೆವು, ಅದನ್ನು ಬಿಡಿಸಲು ಎರಡು ವರ್ಷ ಹಿಡಿಯಿತು.

ಪಿಎ ಕವರ್, ಅಂದರೆ ವೈಯಕ್ತಿಕ ಅಪಘಾತ ವಿಮೆ, 15 ಲಕ್ಷ ಇದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಮಾಲೀಕರೇ ಓಡಿಸುವಾಗ, ಅವರಿಗೆ ಲೈಸೆನ್ಸ್ ಇದ್ದರೆ ಮಾತ್ರ. ಜೀವ ಹೋದರೆ, ಕೈಕಾಲು ಅಥವಾ ಕಣ್ಣು ಹೋದರೆ, ಶಾಶ್ವತವಾಗಿ ಕೆಲಸ ಮಾಡಲು ಆಗದಿದ್ದರೆ ಕೊಡುತ್ತಾರೆ. ಮುರಿದು ಕೂಡಿದ ಮೂಳೆಗೆ, ಆಸ್ಪತ್ರೆ ಬಿಲ್ಲಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ.

ಹಾಗಾಗಿ ತಮ್ಮ, ನೀವು ಕೇಳಿದ ಮೂರನೇ ಪ್ರಶ್ನೆಗೆ ಉತ್ತರ: ನೀವೇ ಬಿದ್ದರೆ ಬೈಕ್ ಇನ್ಶೂರೆನ್ಸ್ ನಿಮ್ಮ ಬಿಲ್ ಕಟ್ಟುವುದಿಲ್ಲ. ಅದಕ್ಕೆ ಮನೆಮಂದಿಗೆಲ್ಲ ಆರೋಗ್ಯ ವಿಮೆ ಬೇಕು. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಜಿಎಸ್‌ಟಿಯೂ ಇಲ್ಲ. ಹೆಂಡತಿ ದಿನಾ ಹಿಂದೆ ಕೂರುತ್ತಾರೆ ಎಂದಿರಿ, ಫುಲ್ ಪಾಲಿಸಿ ಎಂದೂ ಬಿಡಬೇಡಿ. ಅವರಿಗೂ ಹೆಲ್ಮೆಟ್ ಕೊಡಿಸಿ, ಐಎಸ್‌ಐ ಗುರುತಿನದು.

ಚಿಂತಾಮಣಿಯಿಂದ:

ಯಾರೂ ಇನ್ನೂ ಹೇಳಲಿಲ್ಲ. ಗಾಡಿ ಅಪ್ಪನ ಹೆಸರಲ್ಲಿ ಬೇಡ. ಅವರಿಗೆ ಲೈಸೆನ್ಸ್ ಇಲ್ಲ ಎಂದರೆ ಆ ಗಾಡಿಗೆ ಪಿಎ ಕವರೇ ಇಲ್ಲ. ನೀವು ಓಡಿಸುವಾಗ ಏನಾದರೂ ಆದರೆ ನೀವು ಮಾಲೀಕರೂ ಅಲ್ಲ, ಥರ್ಡ್ ಪಾರ್ಟಿಯೂ ಅಲ್ಲ. ಗಾಡಿ ಇಸಕೊಂಡು ಓಡಿಸುವವನು ಮಾಲೀಕನ ಜಾಗದಲ್ಲೇ ನಿಂತ ಹಾಗೆ, ಅದಕ್ಕೇ ಅವನು ಥರ್ಡ್ ಪಾರ್ಟಿ ಆಗುವುದಿಲ್ಲ ಎನ್ನುವುದು 2009ರ ಸುಪ್ರೀಂ ಕೋರ್ಟ್ ತೀರ್ಪು, ಅದೂ ನಮ್ಮ ಕರ್ನಾಟಕದ ಕೇಸಿನಲ್ಲೇ. ದುಡ್ಡು ಅಪ್ಪನದಿರಲಿ, ಆರ್‌ಸಿ ನಿಮ್ಮ ಹೆಸರಲ್ಲಿರಲಿ.

ಇನ್ನೊಂದು ವಿಷಯ, ಬೇರೆ ಗಾಡಿ ಗುದ್ದಿದರೆ. 2022ರ ಕೊನೆಯಲ್ಲಿ ನನ್ನ ತಮ್ಮನಿಗೆ ಗೂಡ್ಸ್ ಗಾಡಿ ಗುದ್ದಿತು. ಆಸ್ಪತ್ರೆಗೆ ಕರೆದುಕೊಂಡು ಹೋದವರು ಗಾಬರಿಯಲ್ಲಿ 'ಬೈಕಿನಿಂದ ಬಿದ್ದ' ಎಂದು ಹೇಳಿದರು. ಚೀಟಿಯಲ್ಲಿ ಅದನ್ನೇ ಬರೆದುಕೊಂಡರು. ಆ ಒಂದು ಸಾಲು ಹಿಡಿದುಕೊಂಡು ಇನ್ಶೂರೆನ್ಸ್ ವಕೀಲರು ಎರಡು ವರ್ಷ ಎಳೆದರು. ಕೊನೆಗೆ ಲೋಕ ಅದಾಲತ್‌ನಲ್ಲಿ ಮುಗಿಯಿತು, ಕೇಳಿದ್ದರ ಅರ್ಧ ಬಂತು. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೂ ಹೋಗುವ ಅಪಘಾತದ ದಾಖಲೆ) ಮಾಡಿಸಿ, ಯಾವ ಗಾಡಿ ಗುದ್ದಿತು ಎಂದು ಅದರಲ್ಲಿ ಬರೆಸಿ, ಬರೆದದ್ದನ್ನು ಓದಿ ನೋಡಿ. ಸ್ಟೇಷನ್ನಿನಲ್ಲಿ ರಾಜಿ ಎಂದರೆ ಐದು ಹತ್ತು ಸಾವಿರಕ್ಕೆ ಸಹಿ ಹಾಕಬೇಡಿ. ಎಫ್‌ಐಆರ್ ಆಗಲಿ. ಕ್ಲೇಮನ್ನು ನೀವು ಇರುವ ಊರಿನ ಕೋರ್ಟಿನಲ್ಲೇ ಹಾಕಬಹುದು, ಆದರೆ 2022ರ ಏಪ್ರಿಲ್‌ನಿಂದ ಕಾನೂನಿನಲ್ಲಿ 6 ತಿಂಗಳ ಗಡುವು ಇದೆ. ಮೂಳೆ ಕೂಡಲಿ ಆಮೇಲೆ ನೋಡೋಣ ಎಂದು ಕೂರಬೇಡಿ.

ಗುದ್ದಿದ ಗಾಡಿ ಸಿಗದೇ ಹೋದರೆ ಕೈಚೆಲ್ಲಬೇಡಿ. ಹಿಟ್ ಅಂಡ್ ರನ್ ಪರಿಹಾರ ಇದೆ: ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ.

ಗುಬ್ಬಿಯಿಂದ:

2016ರ ಫೆಬ್ರವರಿಯಲ್ಲಿ ನಮ್ಮ ತಾಲ್ಲೂಕಿನ ಹರೀಶ್ ಎಂಬ ಹುಡುಗ ಬೈಕಿನಲ್ಲಿ ಬೆಂಗಳೂರಿಗೆ ಹೋಗುವಾಗ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿದ್ದು ನೆನಪಿದೆಯಾ? ಸಾಯುವಾಗಲೂ ಅಂಗದಾನ ಮಾಡಿ ಎಂದು ಕೇಳಿದವನು. ಅವನ ಹೆಸರಲ್ಲೇ ಸರ್ಕಾರ ಮೊದಲ 48 ಗಂಟೆಗೆ 25 ಸಾವಿರದವರೆಗೆ ಚಿಕಿತ್ಸೆ ಕೊಡುವ ಹರೀಶ್ ಸಾಂತ್ವನ ಯೋಜನೆ ತಂದಿತು. ಈಗ ಕೇಂದ್ರದ್ದೂ ಇದೆ, 2025ರ ಮೇ ತಿಂಗಳಿಂದ: ಅಪಘಾತವಾದ ದಿನದಿಂದ 7 ದಿನ, 1.5 ಲಕ್ಷದವರೆಗೆ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್. 112ಕ್ಕೆ ಫೋನ್ ಮಾಡಿ, ಪೊಲೀಸರಿಗೆ ವಿಷಯ ಗೊತ್ತಾಗಲಿ. ಅಡ್ಮಿಟ್ ಮಾಡುವಾಗಲೇ ಬಾಯಿಬಿಟ್ಟು ಕೇಳಿ, ತಾವಾಗಿ ಹೇಳುವವರು ಕಡಿಮೆ.

ಶಿರಾದಿಂದ ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್, ಕ್ಯಾತ್ಸಂದ್ರದ ಅಕ್ಕನಿಗೆ ಇನ್ನೂ ಜಾಸ್ತಿ. ಶೋರೂಮಿಗೆ ಮತ್ತೆ ಹೋಗಿ ಬಂದೆ. ರಸೀದಿ ಕೇಳಿದ ಮೇಲೆ 1,500 ಇಳಿಯಿತು. ಫುಲ್ ಪಾಲಿಸಿ, ಪಿಎ ಎರಡೂ ನನ್ನ ಹೆಸರಲ್ಲಿ ಮಾಡಿಸಿದೆ. ಅಪ್ಪನಿಗೆ ಆರ್‌ಸಿ ವಿಷಯ ಹೇಗೆ ಹೇಳುವುದು ಎಂದು ಎರಡು ದಿನ ಒದ್ದಾಡಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಹಿಂದೆ 'ತಂದೆಯ ಆಶೀರ್ವಾದ' ಅಂತ ದೊಡ್ಡದಾಗಿ ಬರೆಸು" ಎಂದರು.